ಮಗಳಿಗೊಂದು ಪತ್ರ: ಅಪ್ಪನ ಲಿವರಿನ ಗಡ್ಡೆ

ಪ್ರೀತಿಯ ಪುಟ್ಟಿ,

ಇಷ್ಟು ದಿನ ಯಾಕೆ ಮುಚ್ಚಿಟ್ರಿ ಅಂತ ಫೋನಿನಲ್ಲಿ ಅತ್ತೆಯಲ್ಲ, ನಿನ್ನ ಸಿಟ್ಟು ಸರಿಯೇ. ನಿನಗೆ ಪರೀಕ್ಷೆ ಇತ್ತು, ಅದಕ್ಕೇ ಹೇಳಲಿಲ್ಲ. ಈಗ ಎಲ್ಲ ಬರೆಯುತ್ತೇನೆ.

ಜನವರಿಯಲ್ಲಿ ಕಾಫಿ ಕೊಯ್ಲು ಜೋರಾಗಿತ್ತು. ಸಂಜೆಯಾದರೆ ಅಪ್ಪನಿಗೆ ಚಳಿ ಜ್ವರ, ಬಲಪಕ್ಕೆಯ ಕೆಳಗೆ ನೋವು. ಕಣದಲ್ಲಿ ಕಾಫಿ ಹರಡೋಕೂ ಆಗುತ್ತಿರಲಿಲ್ಲ. ಮಡಿಕೇರಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ 5 ಸೆಂ.ಮೀ. ಗಡ್ಡೆ. ಒಬ್ಬ ಡಾಕ್ಟರು ಫಿಲ್ಮ್ ನೋಡಿದವರೇ ಕ್ಯಾನ್ಸರ್ ಅಂದುಬಿಟ್ಟರು. ಸೋಮವಾರಪೇಟೆ ಬಸ್ಸಿನಲ್ಲಿ ಆ ಕವರನ್ನು ಮೂರು ಸಲ ತೆಗೆದೆ, ಮತ್ತೆ ಮಡಚಿಟ್ಟೆ. ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಮಂಗಳೂರಿನ ಡಾಕ್ಟರು ಆತುರ ಮಾಡಲಿಲ್ಲ. ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ ಜಾಸ್ತಿ ಇತ್ತು, ಅಂದರೆ ಒಳಗೆ ಉರಿಯೂತ ಇದೆ. ಲಿವರ್ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಏರುವ ಎಎಫ್‌ಪಿ ಅನ್ನೋ ಪ್ರೋಟೀನ್ ಮಾಮೂಲಾಗಿತ್ತು. ಆದರೆ ಅಷ್ಟಕ್ಕೇ ಕ್ಯಾನ್ಸರ್ ಅಲ್ಲ ಅನ್ನೋ ಹಾಗಿಲ್ಲ, ಸ್ಕ್ಯಾನಿನಲ್ಲೂ ಕ್ಯಾನ್ಸರ್ ಗಡ್ಡೆ, ಉರಿಯೂತದ ಗಡ್ಡೆ ಎರಡೂ ಒಂದೇ ಥರ ಕಾಣಬಹುದು, ಬಯಾಪ್ಸಿ ಮಾಡಲೇಬೇಕು ಅಂದರು. ಸೂಜಿಯಿಂದ ತೆಗೆದ ಚೂರನ್ನು ನಾನೇ ಕಂಡೆ ಪುಟ್ಟಿ. ಶಾವಿಗೆ ಎಳೆಯಷ್ಟು ತೆಳ್ಳಗೆ, ಸಣ್ಣ ಫಾರ್ಮಾಲಿನ್ ಬಾಟಲಿಯಲ್ಲಿ.

ಅದರಲ್ಲಿ ಕ್ಯಾನ್ಸರ್ ಕಣ ಒಂದೂ ಸಿಗಲಿಲ್ಲ. ಇದ್ದದ್ದು ಉರಿಯೂತದಲ್ಲಿ ಸೇರುವ ಪ್ಲಾಸ್ಮಾ ಕಣ, ಲಿಂಫೋಸೈಟ್ ಅನ್ನೋ ರಕ್ಷಣಾ ಕಣಗಳು, ಜೊತೆಗೆ ನಾರು. ಟಿಬಿ ಅಲ್ಲ, ಬರೀ ಕೀವುಗಡ್ಡೆಯೂ ಅಲ್ಲ ಅಂತ ಖಾತ್ರಿ ಮಾಡಿಕೊಂಡರು. ಐಜಿಜಿ4 ಅನ್ನೋ ಪ್ರತಿಕಾಯಕ್ಕೆ ಸಂಬಂಧಿಸಿದ ಬಗೆಯ ಗಡ್ಡೆಯೇ ಅಂತ ಪರೀಕ್ಷೆಯೂ ಆಯಿತು. ಆ ಬಗೆಯದಾಗಿದ್ದರೆ ಸ್ಟೀರಾಯ್ಡ್‌ಗೆ ಕುಗ್ಗುತ್ತಂತೆ, ಅಪ್ಪನದು ಅದಲ್ಲ. ಹೆಸರು ಇನ್‌ಫ್ಲಮೇಟರಿ ಸ್ಯೂಡೋಟ್ಯೂಮರ್. ಬಹಳ ಅಪರೂಪ. ಕ್ಯಾನ್ಸರಿನ ಹಾಗೆ ಕಾಣುವ ಉರಿಯೂತದ ಗಡ್ಡೆ.

ಲಿವರಿನಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1953ರಲ್ಲಿ, ಪ್ಯಾಕ್ ಮತ್ತು ಬೇಕರ್ ಅನ್ನೋ ವೈದ್ಯರು. ಆ ರೋಗಿಯ ಲಿವರಿನ ಬಲಭಾಗವನ್ನೇ ಕತ್ತರಿಸಿ ತೆಗೆದಿದ್ದರಂತೆ. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಮೊದಲು ಕೇಳಿದ ಮಾತನ್ನೇ ನಂಬಿ ನಾವೂ ಆಪರೇಷನ್‌ಗೆ ಒಪ್ಪಿಬಿಡುತ್ತಿದ್ದೆವು, ಅಲ್ವಾ?

ಆಂಟಿಬಯಾಟಿಕ್ ಕೊಟ್ಟರು, ಜ್ವರ ಬಿಟ್ಟಿತು. ಏಪ್ರಿಲ್ ಸ್ಕ್ಯಾನಿನಲ್ಲಿ ಗಡ್ಡೆ 2 ಸೆಂ.ಮೀ.ಗೆ ಇಳಿದಿದೆ. ಪೂರ್ತಿ ಹೋಗುವವರೆಗೂ ನೋಡುತ್ತಲೇ ಇರಬೇಕು ಅಂದಿದ್ದಾರೆ. ನಿನ್ನೆ ಅಪ್ಪ ಹೂಮಳೆ ಎಷ್ಟು ಬಿತ್ತು ನೋಡೋಕೆ ತೋಟದ ತುದಿಯವರೆಗೂ ನಡೆದು ಬಂದರು.

ಮುಂದಿನ ಸ್ಕ್ಯಾನ್ ಜುಲೈನಲ್ಲಿ. ರಜೆ ಹಾಕಿ ಬಾ. ಸಂಪಾಜೆ ಘಾಟಿ ಇಳಿದು ಮೂವರೂ ಹೋಗೋಣ. ಈ ಸಲ ಕವರ್ ನೀನೇ ಒಡೆ.

ನಿನ್ನ ಅಮ್ಮ