ಬಿಪಿ ಮಷಿನ್ನನ್ನು ಕಪಾಟಿನಲ್ಲಿಡಿ

ಮಾನ್ಯರೇ,

ವಿಜಯಪುರದ ಎಷ್ಟೋ ಮನೆಗಳಲ್ಲಿ ಈಗ ಬಿಪಿ ಮಷಿನ್ ಇದೆ. ಎದೆ ಚುರ್ ಎಂದರೆ ಪಟ್ಟಿ ಸುತ್ತುವುದು, ಅಂಕಿ ಏರಿದರೆ ಗಾಬರಿಯಾಗಿ ಮತ್ತೆ ಸುತ್ತುವುದು. ಗಾಬರಿಗೇ ಬಿಪಿ ಏರುತ್ತದೆ, ಎರಡನೇ ಅಂಕಿ ಇನ್ನೂ ಹೆಚ್ಚು ಬಂದರೆ ಅಚ್ಚರಿಯೇನು?

ವೈದ್ಯರು ಹೇಳಿದ ಹೊತ್ತಿಗಷ್ಟೇ ನೋಡಿ. ಚಹಾ ಕುಡಿದು ಅರ್ಧ ತಾಸು ಕಳೆದಿರಲಿ. ಬೆನ್ನು ಒರಗಿಸಿ 5 ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಮಟ್ಟಕ್ಕಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ. ಬರೆದಿಟ್ಟು ಮುಗಿಸಿ. ಮತ್ತೆ ನೋಡಬೇಕೆನಿಸಿದರೆ 10 ನಿಮಿಷ ತಡೆಯಿರಿ, ನಾಳೆ 20. ತಳಮಳ ಏರಿ ತಾನಾಗಿ ಇಳಿಯುತ್ತದೆ. 'ಏನೂ ಆಗಿಲ್ಲ' ಎಂದು ಮನೆಯವರಿಂದ ಹತ್ತು ಸಲ ಹೇಳಿಸಿಕೊಳ್ಳುವುದೂ ಇಂಥದೇ ಚಟ.

ಎದೆ ಬಿಗಿದು ನೋವು ತೋಳು, ದವಡೆಗೆ ಹರಡಿದರೆ, ಬೆವರಿದರೆ ಈ ಲೆಕ್ಕ ಬೇಡ, ತಕ್ಷಣ 108. ಚಿಂತೆ ವಾರಗಟ್ಟಲೆ ಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

– ಒಬ್ಬ ಓದುಗ, ವಿಜಯಪುರ