ನೋಡದ ನಾಟಕದ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಶಿವಾನ್ ಮೆಕೆನ್ನಾ ಬಗ್ಗೆ ನೀನು ಬರೆದ ಹಸ್ತಪ್ರತಿ ಪೂರ್ತಿ ಓದಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. "ಐರ್ಲೆಂಡಿನ ನಟಿಯೊಬ್ಬರ ಕಥೆ ಕನ್ನಡದಲ್ಲಿ ಯಾರಿಗೆ ಬೇಕು ಅಕ್ಕ? ನಾನು ಆ ದೇಶ ಕಂಡವಳೂ ಅಲ್ಲ. ಹರಿದು ಹಾಕಿಬಿಡ್ಲಾ?" ಅಂತ ಕೇಳಿದ್ದೀಯ. ಹರಿಯಬೇಡ. ರಾತ್ರಿ ಊಟ ಮುಗಿಸಿ ಸುಮ್ನೆ ಎರಡು ಪುಟ ನೋಡೋಣ ಅಂತ ಕೂತವಳು ಕೊನೆಯವರೆಗೂ ಓದಿದ್ದೇನೆ. ಕೆಲವು ಕಡೆ ಖುಷಿಯಾಯಿತು, ಕೆಲವು ಕಡೆ ಸಿಟ್ಟು ಬಂತು.

ಪ್ರಕಾಶಕರು ಯಾರು, ಅಧ್ಯಾಯಕ್ಕೆ ಎಷ್ಟು ಪುಟ, ಫೋಟೋ ಹಾಕಬೇಕಾ ಬೇಡವಾ, ಇದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅವರನ್ನೇ ಕೇಳು. ನನ್ನ ತಕರಾರು ಒಂದೇ. ನೋಡದ ನಾಟಕವನ್ನು ನೀನು ನೋಡಿದವಳ ಹಾಗೆ ಬರೆದಿದ್ದೀಯ.

ಮೂರನೇ ಅಧ್ಯಾಯ ತೆಗೆ. ಶಿವಾನ್ ಮೆಕೆನ್ನಾ 1954ರಲ್ಲಿ ಲಂಡನ್ನಿನ ಆರ್ಟ್ಸ್ ಥಿಯೇಟರಿನಲ್ಲಿ ಬರ್ನಾರ್ಡ್ ಶಾ ಅವರ 'ಸೇಂಟ್ ಜೋನ್' ನಾಟಕದಲ್ಲಿ ಜೋನ್ ಆಫ್ ಆರ್ಕ್ ಆಗಿ ಆಡಿದರು. ಅಲ್ಲಿಯವರೆಗೆ ಸರಿ. ಅದರ ಮುಂದೆ "ಇಡೀ ಸಭಾಂಗಣ ಉಸಿರು ಬಿಗಿಹಿಡಿದು ಕೂತಿತ್ತು, ಒಬ್ಬೊಬ್ಬರ ಕಣ್ಣಲ್ಲೂ ನೀರು" ಅಂತ ಬರೆದಿದ್ದೀಯ. ಯಾರು ಹೇಳಿದ್ದು ನಿನಗೆ? ಅವತ್ತು ಕೂತಿದ್ದವರು ಯಾರಾದರೂ ಬರೆದಿದ್ದರೆ ಅವರ ಹೆಸರು ಹೇಳಿ, ಅವರ ಮಾತನ್ನು ಅವರದೇ ಅಂತ ಕೊಡು. ಇಲ್ಲವಾದರೆ ಆ ಸಾಲು ಹೊಡೆದು ಹಾಕು. ಆ ಸಾಲನ್ನು ಲೋಕದ ಯಾವ ನಟಿಯ ಬಗ್ಗೆ ಬೇಕಾದರೂ ಬರೆಯಬಹುದು. ಅದರಲ್ಲಿ ಮೆಕೆನ್ನಾ ಎಲ್ಲಿದ್ದಾರೆ?

ಇದರಲ್ಲಿ ನನಗೆ ನೋವಾದದ್ದು ಯಾಕೆ ಅಂದರೆ, ನಿಜವಾದ ಕಥೆ ನಿನ್ನ ಕೈಯಲ್ಲೇ ಇತ್ತು. ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಪಶ್ಚಿಮ ಐರ್ಲೆಂಡಿನ ಗಾಲ್ವೇಯಲ್ಲಿ ಬೆಳೆದ ಹುಡುಗಿ. ಅಪ್ಪ ಅಲ್ಲಿನ ಕಾಲೇಜಿನಲ್ಲಿ ಗಣಿತದ ಪ್ರೊಫೆಸರ್, ಮನೆಮಾತು ಐರಿಷ್. ಗಾಲ್ವೇಯಲ್ಲಿ 1928ರಲ್ಲಿ ಶುರುವಾದ ಆನ್ ತೈವ್ಯರ್ಕ್ ಎಂಬ ಪುಟ್ಟ ರಂಗಮಂದಿರ ಇದೆ. ಅಲ್ಲಿ ಐರಿಷ್ ಭಾಷೆಯಲ್ಲೇ ನಾಟಕ. ಓದುತ್ತಿದ್ದಾಗಲೇ ಆಕೆ ಅಲ್ಲಿ ಪಾತ್ರ ಮಾಡಲು ಶುರುಮಾಡಿದವರು. ಆಮೇಲೆ ಡಬ್ಲಿನ್ನಿನ ಆಬಿ ಥಿಯೇಟರಿಗೆ ಹೋದರು, ಹೆಸರು ಬಂತು. ಹೆಸರು ಬಂದ ಮೇಲೆ ಗಾಲ್ವೇಗೆ ವಾಪಸ್ ಬಂದು, ಶಾ ಅವರ ಇಡೀ ನಾಟಕವನ್ನು ತಾವೇ ಐರಿಷ್‌ಗೆ ಅನುವಾದ ಮಾಡಿ, 1950ರಲ್ಲಿ ಅದೇ ಪುಟ್ಟ ರಂಗದ ಮೇಲೆ ಜೋನ್ ಆದರು. ಡಬ್ಲಿನ್ನಿನ ಗೇಟ್ ಥಿಯೇಟರಿನಲ್ಲಿ ಇಂಗ್ಲಿಷಿನ ಜೋನ್ 1953ರಲ್ಲಿ, ಲಂಡನ್ 1954ರಲ್ಲಿ, ನ್ಯೂಯಾರ್ಕ್ 1956ರಲ್ಲಿ. ಲೋಕ ಚಪ್ಪಾಳೆ ಹೊಡೆದ ಪಾತ್ರವನ್ನು ಆಕೆ ಅದಕ್ಕಿಂತ ಮೊದಲೇ ಒಬ್ಬರೇ ಕೂತು, ಮಾತು ಮಾತಾಗಿ ಮನೆಮಾತಿಗೆ ತಂದಿದ್ದರು. ನಿನ್ನ ಹಸ್ತಪ್ರತಿಯಲ್ಲಿ ಇದಕ್ಕೆ ಒಂದು ಸಾಲು. ಒಂದೇ ಒಂದು ಸಾಲು ಕಣೇ!

ನೀನು ಅನುವಾದ ಮಾಡಿದವಳು. ಒಂದು ಮಾತು ನಮ್ಮ ಬಾಯಿಗೆ ಒಗ್ಗುವವರೆಗೆ ಎಷ್ಟು ಸಲ ಜೋರಾಗಿ ಹೇಳಿಕೊಳ್ಳಬೇಕು ಅನ್ನೋದು ನಿನಗೆ ಗೊತ್ತು. ಆ ಅನುಭವದಿಂದ ಬರೆ. ಚರ್ಚಿನ ವಿಚಾರಣೆಯಲ್ಲಿ ಜೋನ್ ಸಾವಿಗೆ ಹೆದರಿ ತಪ್ಪೊಪ್ಪಿಗೆಗೆ ರುಜು ಹಾಕಿಬಿಡುತ್ತಾಳೆ. ಜೀವ ಉಳಿಯಿತು ಅಂದುಕೊಂಡಾಗ, ಜೀವಮಾನವಿಡೀ ಸೆರೆಮನೆ ಅಂತ ತಿಳಿಯುತ್ತೆ. ಆ ಕಾಗದವನ್ನು ಹರಿದು ಹಾಕುತ್ತಾಳೆ. ಆಗ ಅವಳು ದೊಡ್ಡ ದೊಡ್ಡ ತತ್ವ ಹೇಳೋದಿಲ್ಲ. ಮರದಲ್ಲಿ ಗಾಳಿ ಬೀಸೋದು, ಬಿಸಿಲಲ್ಲಿ ಹಕ್ಕಿ ಹಾಡೋದು, ಚಳಿಯಲ್ಲಿ ಕುರಿಮರಿ ಕೂಗೋದು, ಚರ್ಚಿನ ಗಂಟೆ, ಇವು ಕೇಳಿಸದ ಬದುಕು ಬೇಡ ಅನ್ನುತ್ತಾಳೆ. ಹಳ್ಳಿಯ ಹುಡುಗಿಯ ಮಾತು ಅದು. ಪಶ್ಚಿಮ ಐರ್ಲೆಂಡಿನ ಹಳ್ಳಿಮಾತು ಕೇಳಿ ಬೆಳೆದ ನಟಿಯ ಬಾಯಲ್ಲಿ ಅದು ಹೇಗೆ ಬರುತ್ತೆ ಅನ್ನೋದನ್ನ ಇವತ್ತೂ ಕೇಳಬಹುದು. ಆ ನಾಟಕವನ್ನು ಆಕೆ ರೆಕಾರ್ಡಿಗೂ ಆಡಿದ್ದಾರೆ. ಕಣ್ಣು ಮುಚ್ಚಿಕೊಂಡು ಕೇಳು. ಆಮೇಲೆ ಕೇಳಿದ್ದನ್ನು ಕೇಳಿದೆ ಅಂತ ಬರೆ.

ಇನ್ನು ಸಿನಿಮಾ. 'ಡಾಕ್ಟರ್ ಜಿವಾಗೊ'ಗೆ ಒಂಬತ್ತು ಪುಟ ಕೊಟ್ಟಿದ್ದೀಯ. 1965ರ ಆ ಚಿತ್ರದಲ್ಲಿ ಆಕೆಯದು ಆನ್ನಾ ಅನ್ನುವ ಚಿಕ್ಕ ಪಾತ್ರ, ನಾಯಕನ ಹೆಂಡತಿ ಟೋನ್ಯಾಳ ತಾಯಿ. ಚಿತ್ರ ಕೈಗೆ ಸಿಗುತ್ತೆ, ನಾಟಕ ಸಿಗೋದಿಲ್ಲ. ಅದಕ್ಕೇ ಸಿಕ್ಕಿದ್ದಕ್ಕೆ ಜಾಗ ಜಾಸ್ತಿ, ಸಿಗದ್ದಕ್ಕೆ ಕಡಿಮೆ ಆಗಿದೆ. ಆಕೆಯ ಬದುಕಿನಲ್ಲಿ ತೂಕ ಹಾಗಿರಲಿಲ್ಲ. ಅರ್ಧ ಪುಟಕ್ಕೆ ಇಳಿಸು. 1961ರ 'ಕಿಂಗ್ ಆಫ್ ಕಿಂಗ್ಸ್'ನಲ್ಲಿ ಯೇಸುವಿನ ತಾಯಿ ಮೇರಿಯ ಪಾತ್ರಕ್ಕೂ ಅಷ್ಟೇ ಸಾಕು.

1962ರಲ್ಲಿ ಬಂದ 'ಪ್ಲೇಬಾಯ್ ಆಫ್ ದ ವೆಸ್ಟರ್ನ್ ವರ್ಲ್ಡ್' ಮಾತ್ರ ಬೇರೆ. ಅದರಲ್ಲಿ ನಾಯಕಿ ಪೆಗೀನ್ ಮೈಕ್ ಆಕೆಯೇ. ಮೂಲ ನಾಟಕ ಐರಿಷ್ ನಾಟಕಕಾರ ಜೆ. ಎಂ. ಸಿಂಗ್ ಅವರದು. ಅವರು ಬರೆದ ಪೆಗೀನ್‌ಗೆ ಸುಮಾರು ಇಪ್ಪತ್ತು ವರ್ಷ. ಕ್ಯಾಮೆರಾ ಮುಂದೆ ನಿಂತ ನಟಿ ನಲವತ್ತರ ಹತ್ತಿರ. ನೀನು "ಹದಿಹರೆಯದ ಹುಡುಗಿಯೇ ಎದುರು ನಿಂತ ಹಾಗಿತ್ತು" ಅಂತ ಬರೆದಿದ್ದೀಯ. ನಿನಗೆ ನಿಜವಾಗಿ ಹಾಗನ್ನಿಸಿತಾ? ನನಗೆ ಅನ್ನಿಸಲಿಲ್ಲ. ವಯಸ್ಸು ಕಾಣುತ್ತೆ. ರಂಗದ ಮೇಲೆ ಹತ್ತು ಸಾಲು ದೂರದಿಂದ ಕಾಣದ್ದು ಕ್ಲೋಸಪ್ಪಿನಲ್ಲಿ ಕಾಣುತ್ತೆ. ಆದರೆ ಸಿಂಗ್ ಬರೆದ ಆ ಉದ್ದುದ್ದ, ಸುತ್ತಿ ಸುತ್ತಿ ಬರುವ ವಾಕ್ಯಗಳನ್ನು ಆಕೆ ಜಗಳದ ಮಾತಿನಷ್ಟು ಸಲೀಸಾಗಿ ಆಡುತ್ತಾರೆ. ಎರಡನ್ನೂ ಬರೆ. ಮೊದಲನೆಯದನ್ನು ಮುಚ್ಚಿಟ್ಟರೆ ಎರಡನೆಯದನ್ನು ಓದುವವರು ನಂಬೋದಿಲ್ಲ.

ಈ ವಿಷಯದಲ್ಲಿ ನನಗೆ ಹಳೆಯ ಸಿಟ್ಟೊಂದಿದೆ, ಇನ್ನೂ ಆರಿಲ್ಲ. ತುಂಬಾ ಹಿಂದೆ, ಕಂಪನಿ ನಾಟಕದ ಹಿರಿಯ ನಟಿಯೊಬ್ಬರನ್ನು ಮಾತಾಡಿಸಿ ಒಂದು ವಾರಪತ್ರಿಕೆಗೆ ಬರೆದುಕೊಟ್ಟಿದ್ದೆ. ಮಳೆಯ ರಾತ್ರಿ ಡೇರೆ ಸೋರುತ್ತಿದ್ದಾಗ, ಬೆರಳೆಣಿಕೆಯ ಜನದ ಮುಂದೆ ಪೂರ್ತಿ ನಾಟಕ ಆಡಿದ ಕಥೆ ಹೇಳಿದ್ದರು. ಅದನ್ನು ಹಾಗೇ ಬರೆದಿದ್ದೆ. ಅಚ್ಚಾಗಿ ಬಂದಾಗ ಸಂಪಾದಕರು ತಾವೇ ಒಂದು ಸಾಲು ಸೇರಿಸಿದ್ದರು: "ಕಿಕ್ಕಿರಿದ ಜನಸಾಗರದಲ್ಲಿ ಕಣ್ಣೀರ ಕೋಡಿ ಹರಿಯಿತು." ನಾನು ಪತ್ರಿಕೆ ಹಿಡಿದುಕೊಂಡು ಆ ನಟಿಯ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, "ಇದು ಯಾವ ಊರಲ್ಲಿ ಆಗಿದ್ದಮ್ಮಾ? ನಾನು ಹೇಳಿದ್ದಲ್ವಲ್ಲ ಇದು" ಅಂದರು. ಜನ ಇಲ್ಲದಿದ್ದರೂ ಆಡಿದ್ದೇ ಅವರ ಹೆಮ್ಮೆಯಾಗಿತ್ತು. ಒಂದು ಸುಳ್ಳು ಹೊಗಳಿಕೆ ಅದನ್ನು ಅವರಿಂದ ಕಿತ್ತುಕೊಂಡಿತು. ಆ ಪತ್ರಿಕೆಗೆ ಮತ್ತೆ ನಾನು ಬರೆಯಲಿಲ್ಲ.

ಬೈದದ್ದು ಸಾಕು. ನಿನ್ನ ಏಳನೇ ಅಧ್ಯಾಯಕ್ಕೆ ಬರ್ತೀನಿ, ಈ ಪತ್ರ ಬರೆಯೋಕೆ ಕಾರಣವೇ ಅದು. 1985ರ ಡಿಸೆಂಬರ್, ಮತ್ತೆ ಗಾಲ್ವೇ, ಡ್ರೂಯಿಡ್ ಥಿಯೇಟರ್. ಟಾಮ್ ಮರ್ಫಿ ಬರೆದ 'ಬಾಲೆಗನ್‌ಗಾರ', ಗ್ಯಾರಿ ಹೈನ್ಸ್ ನಿರ್ದೇಶನ. ಮೆಕೆನ್ನಾ ಅವರದು ಹಾಸಿಗೆಯಲ್ಲಿ ಕೂತ ಅಜ್ಜಿ ಮಾಮೋಳ ಪಾತ್ರ. ಅರಳುಮರಳು. ನಗುವ ಪಂದ್ಯದ ಒಂದೇ ಕಥೆಯನ್ನು ದಿನವೂ ಹೇಳ್ತಾಳೆ, ದಿನವೂ ಮುಗಿಸೋದಿಲ್ಲ. ಅದನ್ನು ಮುಗಿಸಲೇಬೇಕು ಅಂತ ಮೊಮ್ಮಗಳು ಮೇರಿ ಒಂದು ರಾತ್ರಿ ಹಟ ಹಿಡಿದು ಕೂರುತ್ತಾಳೆ. ನೀನಿಲ್ಲಿ ಶುರುವಿನಲ್ಲೇ "ಇದನ್ನು ನಾನು ನೋಡಿಲ್ಲ, ಓದಿದ್ದೇನೆ" ಅಂತ ಹೇಳಿ ಮುಂದೆ ಹೋಗಿದ್ದೀಯ. ಆಮೇಲೆ ಬರೀ ಕೆಲಸದ ಬಗ್ಗೆ ಬರೆದಿದ್ದೀಯ. ನಾಟಕದುದ್ದಕ್ಕೂ ಹಾಸಿಗೆ ಬಿಟ್ಟು ಎಲ್ಲೂ ಓಡಾಡದ ಪಾತ್ರ, ಅಷ್ಟೊಂದು ಮಾತು, ಅದೂ ತುಂಡು ತುಂಡು, ಹೇಳಿದ್ದೇ ಮತ್ತೆ. ಎಲ್ಲಿ ನಿಂತೆ, ಯಾವ ಸುತ್ತಿನಲ್ಲಿದ್ದೇನೆ ಅನ್ನೋದನ್ನ ನಟಿ ತಪ್ಪದೆ ನೆನಪಿಟ್ಟರೆ ಮಾತ್ರ ಅಜ್ಜಿಗೆ ಮರೆವು ಬಂದಿದೆ ಅಂತ ಜನ ನಂಬುತ್ತಾರೆ ಅಂತ ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದಿದೆ. ಇದನ್ನು ಬರೆಯೋಕೆ ನೀನು ಗಾಲ್ವೇಗೆ ಹೋಗಬೇಕಾಗಿರಲಿಲ್ಲ.

ಅದೇ ಆಕೆಯ ಕೊನೆಯ ಪಾತ್ರ. 1986ರ ನವೆಂಬರ್ 16ರಂದು ಡಬ್ಲಿನ್ನಿನಲ್ಲಿ ತೀರಿಕೊಂಡರು, ಗಾಲ್ವೇಯ ರಹೂನ್‌ನಲ್ಲಿ ಮಣ್ಣು ಮಾಡಿದರು. "ಧ್ರುವತಾರೆ ಅಸ್ತಂಗತವಾಯಿತು" ಅನ್ನೋದನ್ನ ತೆಗೆದು, ಈ ತಾರೀಕು, ಈ ಊರು ಇಷ್ಟನ್ನೇ ಉಳಿಸು.

ಮೊದಲು ಅನುವಾದದ ಭಾಗ ಹೊಸದಾಗಿ ಬರೆ, ಮೂರನೇ ಅಧ್ಯಾಯ ಆಮೇಲೆ. ಏಳನೆಯದನ್ನು ಮುಟ್ಟಲೇಬೇಡ. ಯುಗಾದಿ ಒಳಗೆ ಕಳಿಸಿಕೊಡು. ಸಾಲುಗಳ ಮಧ್ಯೆ ಜಾಗ ಬಿಡು, ಪಕ್ಕದಲ್ಲಿ ಬರೆಯೋಕೆ ಬೇಕಾಗುತ್ತೆ.

ಪ್ರೀತಿಯಿಂದ,
ಅಕ್ಕ