ಪುಟ್ಟಿಗೆ, ಹಳ್ಳದ ವಿಷ್ಯ

ಪುಟ್ಟಿ,

ಫೋನಲ್ಲಿ ಹೇಳಾಣ ಅಂದ್ರೆ "ಮೀಟಿಂಗಲ್ಲಿದ್ದೀನಿ ದೊಡ್ಡಪ್ಪ" ಅಂತ ಕಟ್ ಮಾಡ್ತೀಯ, ಅದಕ್ಕೇ ಕನ್ನಡಕ ಹಾಕ್ಕಂಡು ಒಂದೊಂದೇ ಅಕ್ಷರ ಒತ್ತಿ ಕಳಿಸ್ತಿದ್ದೀನಿ, ತಪ್ಪಿದ್ರೆ ತಿದ್ಕೊಂಡು ಓದ್ಕೋ.

ಮೈಸೂರಲ್ಲಿ ಟ್ರೈನಿಂಗ್ ಮುಗಿಸ್ಕೊಂಡು ಬಂದಾಗಿಂದ ನೀನು ಹವಾಮಾನ ಬದಲಾವಣೆ ಅಂತ ಓಡಾಡ್ತಿರೋದು ನೋಡಿ ಖುಷಿನೇ ಆಯ್ತು. ನೀನು ಹೋಗಿದ್ದ ಆ ಸಂಸ್ಥೆಗೆ ಇಟ್ಟಿರೋದು ಅಬ್ದುಲ್ ನಜೀರ್ ಸಾಬ್ರ ಹೆಸರು. 80ರ ದಶಕದಲ್ಲಿ ಅವ್ರು ಮಂತ್ರಿ ಆಗಿದ್ದಾಗ ಊರೂರಿಗೆ ಬೋರ್‌ವೆಲ್ ಕೊರ್ಸಿ ಜನರ ಬಾಯಲ್ಲಿ ನೀರ್ ಸಾಬ್ ಆಗ್ಬುಟ್ರು. ನಮ್ಮ ಮಾರಿಗುಡಿ ಮುಂದಿನ ಕೈಪಂಪೂ ಆ ಕಾಲದ್ದೇ ಕಣವ್ವ, ಈಗ ಅದಕ್ಕೆ ಎಮ್ಮೆ ಕಟ್ತಾರೆ.

ಪಂಚಾಯ್ತಿಗೆ ಅಂತ ನೀನು ಮಾಡಿರೋ ಪ್ಲಾನ್ ಓದಿದೆ. 5000 ಗಿಡ, ಸರ್ಕಲ್ಲಿಗೆ ಸೋಲಾರ್ ಹೈಮಾಸ್ಟ್ ಲೈಟು, ಪಂಚಾಯ್ತಿ ಕಾಂಪೌಂಡಿಗೆ ಭೂಮಿತಾಯಿ ಪೇಂಟಿಂಗು. ಕೆರೆಗೆ ನೀರು ಬರೋ ಹಳ್ಳದ ಬಗ್ಗೆ ಒಂದು ಸಾಲೂ ಇಲ್ಲ. ಬೇಜಾರ್ ಮಾಡ್ಕೋಬೇಡ, ನಾನು ಮೆಂಬರಾಗಿದ್ದಾಗ ಮಾಡ್ದ ಪ್ಲಾನಲ್ಲೂ ಇರ್ಲಿಲ್ಲ.

2022ರಲ್ಲಿ ಏನಾಯ್ತು ನೆನಪಿದ್ಯಾ? ರಾತ್ರಿ ಹನ್ನೊಂದಕ್ಕೆ ಮಳೆ ಹಿಡ್ಕೊಂಡು ಬೆಳಿಗ್ಗೆ ಅಷ್ಟೊತ್ತಿಗೆ ಕೋಡಿ ಮೇಲೆ ಎರಡಡಿ ನೀರು ಹೋಗ್ತಿತ್ತು, ಏರಿ ಮೇಲಿನ ಜಾಲಿ ಮರದ ಬೇರಿನ ಸಂದಿಂದ ಬಗ್ಗಡ ಒಸರ್ತಿತ್ತು, ನಾವೆಲ್ಲ ಮರಳು ಮೂಟೆ ಹೊತ್ಕೊಂಡು ಓಡಿದ್ವಿ. ಮುಂದಿನ ವರ್ಷವೇ 2023, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರ ಬರ್ಕೊಂಡ್ತು, ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬ್ಲೇ ಇಲ್ಲ, ನಮ್ಮ ಕೆರೆ ಅಂಗಳದಲ್ಲಿ ಹುಡುಗ್ರು ಟೂರ್ನಮೆಂಟ್ ಆಡುದ್ರು. 2025ರಲ್ಲಿ ಉಲ್ಟಾ, ಕಟ್ಟೆ ಇತಿಹಾಸದಲ್ಲೇ ಮೊದಲ್ನೇ ಸಲ ಜೂನ್ ತಿಂಗಳಲ್ಲೇ ಪೂರ್ತಿ ಮಟ್ಟ 124.80 ಅಡಿ ಮುಟ್ಟಿ ಮುಖ್ಯಮಂತ್ರಿ ಬಾಗಿನ ಬಿಟ್ರು. ನಿಮ್ಮ ಟ್ರೈನಿಂಗಲ್ಲಿ ಅದೇನೇನು ಗ್ರಾಫ್ ತೋರ್ಸುದ್ರೋ, ನಂಗೆ ಈ ಮೂರು ವರ್ಷ ಸಾಕು. ಮಂಡ್ಯ ಸೀಮೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಆದ್ರೆ ಆರು ತಿಂಗಳು ಹಂಚ್ಕೊಂಡು ಬರ್ಬೇಕಾದ್ದು ನಾಕು ರಾತ್ರೀಲಿ ಸುರ್ದು ಹೋದ್ರೆ ಏನ್ ಮಾಡ್ತೀಯ. ಗಾಳಿ ಒಂದು ಡಿಗ್ರಿ ಬಿಸಿ ಆದ್ರೆ ನೂರಕ್ಕೆ ಏಳು ಪಾಲು ಜಾಸ್ತಿ ತೇವ ಹಿಡ್ಕೊಳ್ಳುತ್ತಂತೆ, ಹಿಡ್ಕೊಂಡಿದ್ದನ್ನ ಒಂದೇ ಏಟಿಗೆ ಸುರ್ದುಬುಡುತ್ತೆ.

ಆ ಗಾಳಿನ ತಣ್ಣಗೆ ಮಾಡೋದು ನಮ್ಮ ಪಂಚಾಯ್ತಿ ಕೈಲಿಲ್ಲ. ಸುರ್ದ ನೀರಿಗೆ ದಾರಿ ಬಿಡ್ಸೋದು ಇದೆ. ಹೆಚ್ಚು ಬಂದಾಗ ಕೋಡಿಲಿ ಹೋಗ್ಬೇಕು, ಕಮ್ಮಿ ಬಂದಾಗ ಒಂದು ಹನಿನೂ ತಪ್ಪದೆ ಕೆರೆಗೆ ಬರ್ಬೇಕು, ಎರಡಕ್ಕೂ ಅದೇ ಹಳ್ಳ ತಾನೇ.

ಇಲ್ಲಿ ಒಸಿ ಹುಷಾರು. ಕೆರೆ ಯಾರ್ದು ಅಂತ ಮೊದ್ಲು ಕಾಗದ ತೆಗ್ಸು. ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಹಾಯೋ ಜಮೀನು, 40 ಹೆಕ್ಟೇರಿಗಿಂತ ಕಮ್ಮಿ ಇದ್ರೆ ಜಿಲ್ಲಾ ಪಂಚಾಯ್ತಿ ಕಡೆ, ಮೇಲಿದ್ರೆ ಸಣ್ಣ ನೀರಾವರಿ ಇಲಾಖೆ. ಗೊತ್ತಿಲ್ದೆ ಜೆಸಿಬಿ ಇಳಿಸಿದ್ರೆ ಬಿಲ್ ಆಗಲ್ಲ, ಕೇಸೂ ಬೀಳುತ್ತೆ. ಹಳ್ಳ ನಕಾಶೇಲಿ ಎಷ್ಟಗಲ ಇದೆ ಅಂತ ಸರ್ವೆಯೋರ ಕೈಲಿ ಅಳೆಸಿ ಕಲ್ಲು ನೆಡ್ಸು, ಒತ್ತುವರಿ ಬಿಡ್ಸೋಕೆ ತಹಸೀಲ್ದಾರಿಗೆ ಬರಿ, ಆಮೇಲೆ ಹೂಳು ತೆಗ್ಸು. ಎಲ್ಲರೂ ಮೊದ್ಲು ಕೆರೆ ಹೂಳು ತೆಗ್ಸಿ ಅಂತಾರೆ, ಯಾಕಂದ್ರೆ ಅದ್ರಲ್ಲಿ ಟ್ರ್ಯಾಕ್ಟರ್ ಲೋಡಿನ ಲೆಕ್ಕ ಇರುತ್ತೆ, ಹಳ್ಳದಲ್ಲಿ ಬರೀ ಜಗಳ ಇರುತ್ತೆ.

ದುಡ್ಡಿಗೆ ಎಲ್ಲಿ ಹೋಗ್ಲಿ ಅನ್ಬೇಡ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು, ಅದ್ರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯೋ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಆದ್ರೂ ಎಷ್ಟೋ ಊರಲ್ಲಿ ಅದು ಪೈಪು ಮೋಟ್ರಲ್ಲೇ ಕರಗೋಯ್ತು. ಸ್ಕೂಲ್ ಬಿಲ್ಡಿಂಗ್ ಸೂರು ನೂರು ಚದರ ಮೀಟರ್ ಇದ್ರೆ ವರ್ಷಕ್ಕೆ 70 ಸಾವಿರ ಲೀಟರ್ ಮಳೆ ಅದ್ರ ಮೇಲೆ ಬೀಳುತ್ತೆ, ನೀನೇ ಗುಣಿಸಿ ನೋಡು, ಒಸಿ ಹಾಳಾದ್ರೂ ಬಿಸಿಯೂಟದ ಪಾತ್ರೆ ತೊಳೆಯೋಕೆ ಟ್ಯಾಂಕರ್ ಕರ್ಸೋದು ತಪ್ಪುತ್ತೆ. ಹಳ್ಳಕ್ಕೆ ಅಡ್ಡ ಕಟ್ಟೋ ಕಲ್ಲಿನ ತಡೆ, ಗೋಕಟ್ಟೆ, ಬದು, ಇವೆಲ್ಲ ಉದ್ಯೋಗ ಖಾತ್ರೀಲಿ ಬರುತ್ತೆ, ವಾರ್ಡ್ ಸಭೇಲಿ ಬರ್ಸಿ ಗ್ರಾಮಸಭೇಲಿ ಪಾಸ್ ಮಾಡ್ಸು. ಬೇಸಿಗೇಲಿ ಕೆಲಸ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತೂವರೆಗೆ ಬಿಡು, ನೆರಳು ನೀರು ಇಡ್ಸು. ಬಿಸ್ಲಲ್ಲಿ ಬಿದ್ದೋಳು ನಿನ್ನ ಓಟರ್ರೇ.

ಗಿಡದ ವಿಷ್ಯ. 5000 ಬೇಡ, 300 ನೆಡು. ಜೂನ್ 5ರ ಪರಿಸರ ದಿನಕ್ಕೆ ಫೋಟೊ ಹೊಡ್ಸಿದ ಗಿಡಗಳು ಮುಂದಿನ ಯುಗಾದಿಗೆ ಎಷ್ಟು ಉಳಿದಿವೆ ಅಂತ ನಮ್ಮೂರ ರಸ್ತೆಲೇ ಎಣಿಸ್ಕೊಂಡು ಬಾ, ನಾನು ಎಣಿಸಿದ್ದೀನಿ, ಹನ್ನೊಂದು. ನಮ್ಮ ತಾಲ್ಲೂಕಿನ ದಾಸನದೊಡ್ಡಿ ಕಾಮೇಗೌಡ್ರು ಕುರಿ ಮೇಯಿಸ್ಕೊಂಡೇ, ಕುರಿ ಮಾರಿದ ದುಡ್ಡಲ್ಲಿ ಕುಂದೂರು ಬೆಟ್ಟದಲ್ಲಿ ಕಟ್ಟೆ ಮೇಲೆ ಕಟ್ಟೆ ತೋಡ್ಸುದ್ರು, 2020ರಲ್ಲಿ ಪ್ರಧಾನಿ ರೇಡಿಯೋಲಿ ಹೆಸರು ಹೇಳುದ್ರು, 2022ರಲ್ಲಿ ತೀರ್ಕೊಂಡ್ರು. ಅಲ್ಲಿಗೆ ಮೆಂಬರ್‌ಗಳನ್ನ ಒಂದು ದಿನ ಕರ್ಕೊಂಡು ಹೋಗು, ನೀರು ಮೊದ್ಲು ಗಿಡ ಆಮೇಲೆ ಅನ್ನೋದು ಭಾಷಣ ಇಲ್ದೆ ಅರ್ಥ ಆಗುತ್ತೆ. ವಯನಾಡಿನ ಮೀನಂಗಡಿ ಪಂಚಾಯ್ತಿ ಇನ್ನೊಂದು ಬುದ್ಧಿವಂತಿಕೆ ಮಾಡ್ತು, ಗಿಡ ನೆಟ್ಟು ಉಳಿಸ್ಕೊಂಡ ರೈತರಿಗೆ ಮರಕ್ಕೆ ವರ್ಷಕ್ಕೆ 50 ರೂಪಾಯಿ ಬಡ್ಡಿ ಇಲ್ದ ಸಾಲ. ನಮಗೆ ಅಷ್ಟು ತಾಕತ್ತಿಲ್ಲ ಬುಡು, ಆದ್ರೆ ಹುಣಸೆ ನೇರಳೆ ಹೊಂಗೆ ನೆಟ್ಟು ಅದ್ರ ಫಲ ಸ್ತ್ರೀಶಕ್ತಿ ಸಂಘಕ್ಕೆ ಅಂತ ಠರಾವು ಮಾಡಿದ್ರೆ ನೀರು ಹುಯ್ಯೋರು ತಾನಾಗೇ ಹುಟ್ಕತಾರೆ.

ಹೈಮಾಸ್ಟ್ ಬದ್ಲು ಬೀದಿದೀಪಕ್ಕೆ ಎಲ್ಲಾ ಕಡೆ ಎಲ್‌ಇಡಿ ಹಾಕ್ಸಿ ಸ್ವಿಚ್ ಇಡ್ಸು, ನಡು ಮಧ್ಯಾಹ್ನ ಉರೀತಾ ಇರುತ್ವೆ, ಕರೆಂಟ್ ಕಂಪನಿ ಚೆಸ್ಕಾಂ ಬಾಕಿ ನೋಡಿದ್ರೆ ನಿಂಗೇ ಎದೆ ಹೊಡ್ಕೊಳ್ಳುತ್ತೆ.

ಗದ್ದೆ ವಿಷ್ಯದಲ್ಲಿ ರೈತರಿಗೆ ಆರ್ಡರ್ ಮಾಡೋಕೆ ಹೋಗ್ಬೇಡ. ಭತ್ತದಲ್ಲಿ ಯಾವಾಗ್ಲೂ ನೀರು ನಿಂತಿದ್ರೆ ಮಣ್ಣಿಗೆ ಗಾಳಿ ಆಡದೆ ಭೂಮಿ ಬಿಸಿ ಮಾಡೋ ಮಿಥೇನ್ ಅನಿಲ ಏಳುತ್ತೆ ಅಂತ ನೀನು ಹೇಳಿದ್ರೆ ಕಟ್ಟೆ ಮೇಲೆ ಕೂತೋರು ನಗ್ತಾರೆ. ಆದ್ರೆ ನಾಲೇಲಿ ಕಟ್ಟು ಪದ್ಧತಿ ಮೇಲೆ, ಅಂದ್ರೆ ಒಂದಷ್ಟು ದಿನ ಬಿಟ್ಟು ಒಂದಷ್ಟು ದಿನ ನಿಲ್ಲಿಸಿ, ನೀರು ಬಿಟ್ಟ ವರ್ಷ ಒಣಗ್ಸಿ ಒಣಗ್ಸಿ ಹಾಯ್ಸಿದ ಗದ್ದೆನೂ ಪೈರು ಕೊಡ್ಲಿಲ್ವಾ ಅಂತ ಕೇಳು, ಸುಮ್ನಾಗ್ತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನೋರನ್ನ ಕರ್ಸಿ ಯಾರಾದ್ರೂ ಒಬ್ಬರ ಅರ್ಧ ಎಕರೇಲಿ ಮಾಡಿ ತೋರ್ಸು. ಕಬ್ಬಿನ ತರಗು ಸುಡೋದೂ ಹಂಗೇ, ಬೈದ್ರೆ ನಿಲ್ಲಲ್ಲ, ಸಾಲಲ್ಲೇ ಮುಚ್ಚಿದ ಗದ್ದೆಗೆ ಒಂದು ನೀರು ಕಮ್ಮಿ ಸಾಕು ಅಂತ ಕಣ್ಣಿಗೆ ಕಾಣ್ಬೇಕು.

ಈಗ ಇಷ್ಟೊತ್ತೂ ಹೇಳ್ದೆ ಇದ್ದ ಮಾತು. ಹಳ್ಳ ಅಳೆಯೋಕೆ ಹೋದ್ರೆ ಮೊದಲ್ನೇ ಒತ್ತುವರಿ ನಮ್ದೇ ಸಿಗುತ್ತೆ. ತೋಟದ ಕೆಳಗಿನ ಬೇಲಿ ಇದ್ಯಲ್ಲ, ನಿಮ್ಮ ತಾತನ ಕಾಲ್ದಲ್ಲಿ ಅದು ಹಳ್ಳದ ದಡದ ಮೇಲಿತ್ತು, ನಾನು ಮೆಂಬರ್ ಆಗಿದ್ದಾಗ ಆರಡಿ ಕೆಳಗಿಳಿಸಿ ಒಂದು ಸಾಲು ತೆಂಗು ಹಾಕ್ದೆ, ಯಾರೂ ಕೇಳ್ಲಿಲ್ಲ, ಕೇಳ್ಬೇಕಾದೋನು ನಾನೇ ಆಗಿದ್ದೆ. ಅದೇ ವರ್ಷ ಹಳ್ಳದ ಮೋರಿಗೆ ಒಂದೇ ಒಂದು ಎರಡಡಿ ಪೈಪು ಹಾಕಿ ಮುಚ್ಚೋ ಎಸ್ಟಿಮೇಟಿಗೂ ಸೈನ್ ಹಾಕಿದ್ದೆ. 2022ರ ರಾತ್ರಿ ನೀರು ಹಿಂದಕ್ಕೆ ತಿರುಗಿ ಕೆಳಗಿನ ಕೇರಿ ನಾಲ್ಕು ಮನೆಗೆ ನುಗ್ಗಿದ್ದು ಆ ಪೈಪಿಂದ್ಲೇ. ಆ ಮನೆ ರಾಗಿ ಮೂಟೆ ನೆಂದು ಮೊಳಕೆ ಬಂದಿದ್ದು ನೋಡಿದ್ದೀನಿ, ಇವತ್ತಿಗೂ ಆ ಬೀದೀಲಿ ಹೋಗೋವಾಗ ತಲೆ ಬಗ್ಗುತ್ತೆ.

ಹಂಗಾಗಿ ಸರ್ವೆಯೋರನ್ನ ಕರ್ಸಿದಾಗ ಟೇಪು ನಮ್ಮ ಬೇಲಿಯಿಂದ್ಲೇ ಹಿಡಿಯೋಕೆ ಹೇಳು. ಹದಿನಾಲ್ಕು ಮರ ಇವೆ, ನಾನೇ ಮೊನ್ನೆ ಎಣಿಸಿ ಸುಣ್ಣ ಬಳಿದಿದ್ದೀನಿ. ನಿಮ್ಮಪ್ಪ ಕೂಗಾಡ್ತಾನೆ, ಅವನಿಗೆ ನೀನೇನೂ ಹೇಳ್ಬೇಡ, ಭಾನುವಾರ ಊಟಕ್ಕೆ ಬರ್ತೀನಿ, ನಾನೇ ಹೇಳ್ತೀನಿ. ಕಾಯಿ ಕೀಳ್ಸೋವರೆಗೂ ಒಂದು ವಾರ ಟೈಮ್ ಕೊಡು ಅಷ್ಟೇ.

ನಿನ್ನ ದೊಡ್ಡಪ್ಪ